ಕುಂಡೆಕುಸ್ಕದ ಸೇವಾ ವಿಸ್ತರಣೆ

ಲಡಾಖ್, ಮಂಗೋಲಿಯ, ಸೈಬೀರಿಯದ ಕಡೆ ವಸಂತವೆಂದರೆ ಹಕ್ಕಿಗಳು ಬರುವ ಕಾಲ. ಮೈಸೂರಿನಲ್ಲಿ ಹೋಗುವ ಕಾಲ. ಅಲ್ಲಿ ಆರತಿ ತಟ್ಟೆ ಅಣಿಯಾಗುವ ಹೊತ್ತಿಗೆ ಇಲ್ಲಿ ನಾವು ಬುತ್ತಿ ಕಟ್ಟಿ ಕಳಿಸುತ್ತಿರುತ್ತೇವೆ. ಸೆಪ್ಟೆಂಬರಿನಿಂದ ನಮ್ಮ ಕೆರೆ, ಗದ್ದೆ, ತೋಪು, ಮೋರಿಗಳಲ್ಲಿ ಬಿಡಾರ ಹೂಡಿದ್ದ ನೆಂಟರು ಶಿವರಾತ್ರಿಗೆ ಶುರುಮಾಡಿ, ಯುಗಾದಿ ಕಳೆದು, ರಾಮನವಮಿಯ ಪಾನಕ ಮುಗಿಯುವಷ್ಟರಲ್ಲಿ ಬಹುಪಾಲು ಜಾಗ ಖಾಲಿ ಮಾಡಿರುತ್ತಾರೆ. ಹೇಳಿ ಹೋಗುವ ಪದ್ಧತಿ ಇಲ್ಲ. ಎಷ್ಟೋ ಜಾತಿಯವು ರಾತ್ರೋರಾತ್ರಿ ಹೊರಟುಬಿಡುತ್ತವೆ.

ಇದರಿಂದ ಪಕ್ಷಿವೀಕ್ಷಕನಿಗೆ ದೊಡ್ಡ ಪೇಚು. ಹಕ್ಕಿಯನ್ನು ಮೊದಲು ಕಂಡದ್ದು ಯಾವತ್ತೆಂದು ಹೇಳುವುದು ಸುಲಭ. ಕಂಡ ದಿನವೇ ಗೊತ್ತಾಗುತ್ತದೆ. ಕೊನೆಗೆ ಕಂಡದ್ದು ಯಾವತ್ತು ಎಂಬುದು ಕಂಡ ದಿನ ಗೊತ್ತಾಗುವುದಿಲ್ಲ. ಆಮೇಲೆ ದಿನಾ ಹೋಗಿ ಅದು ಇಲ್ಲವೆಂಬುದನ್ನು ನೋಡಿಕೊಂಡು ಬರಬೇಕು. 2007ರಲ್ಲಿ ಬೆಂಗಳೂರಿನಿಂದ ‘ಮೈಗ್ರಂಟ್‌ವಾಚ್’ ಎಂಬ ಯೋಜನೆ ಶುರುವಾಯಿತು. ಅದು ಪಕ್ಷಿಪ್ರಿಯರಿಂದ ಕೇಳುತ್ತಿದ್ದದ್ದು ಈ ಎರಡೂ ದಿನಾಂಕಗಳನ್ನು. ಮೊದಲನೆಯದಕ್ಕೆ ನೂಕುನುಗ್ಗಲು ಇದ್ದೇ ಇರುತ್ತದೆ. ಎರಡನೆಯದಕ್ಕೆ ತಾಳ್ಮೆ ಬೇಕು.

ಇಲ್ಲದ್ದನ್ನು ನೋಡುವ ಈ ಕೆಲಸಕ್ಕೆ ನನಗಿಂತ ಅರ್ಹ ಇನ್ನೊಬ್ಬನಿಲ್ಲ ಎಂದು ನನಗೆ ಅನ್ನಿಸಿತು. ಮೂವತ್ತು ಚಿಲ್ಲರೆ ವರ್ಷ ಸರ್ಕಾರಿ ಗುಮಾಸ್ತಗಿರಿ ಮಾಡಿದವನು ನಾನು. ಬಾರದ ಅನುದಾನ, ಸಿಗದ ಫೈಲು, ಸೀಟಿನಲ್ಲಿಲ್ಲದ ಸಾಹೇಬರು, ಇವನ್ನೆಲ್ಲ ದಿನಾ ನೋಡಿ ಷರಾ ಬರೆದ ಅನುಭವವಿದೆ.

ನಮ್ಮ ಗುಂಪು ಸೇರುವುದು ಕುಕ್ಕರಹಳ್ಳಿ ಕೆರೆಯ ಹತ್ತಿರದ ಟೀ ಅಂಗಡಿಯಲ್ಲಿ. ಮುಮ್ಮಡಿ ಕೃಷ್ಣರಾಜ ಒಡೆಯರು 1864ರಲ್ಲಿ ಈ ಕೆರೆ ಕಟ್ಟಿಸಿದ್ದು ಊರಾಚೆಯ ಹೊಲಗದ್ದೆಗಳಿಗೆ ನೀರುಣಿಸಲಿಕ್ಕೆ. ಈಗ ಅದು ಸಾಕುತ್ತಿರುವುದು ಸಕ್ಕರೆ ಕಾಯಿಲೆಯವರ ನಡಿಗೆಯನ್ನು ಮತ್ತು ನಮ್ಮಂಥವರ ಚಟವನ್ನು. ಏರಿ ಸುತ್ತಿ ಬಂದವರು ಟೀ ಲೋಟ ಹಿಡಿದು ಅವತ್ತಿನ ವರದಿ ಒಪ್ಪಿಸಬೇಕು. ಅಧ್ಯಕ್ಷತೆ ಮೇಷ್ಟ್ರದು. ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತರಾದವರು. 1939-40ರಲ್ಲಿ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿ ಹೋದಮೇಲೆ ಬಾಕಿ ಕೆಲಸವೆಲ್ಲ ತಮ್ಮ ಹೆಗಲಿಗೆ ಬಿದ್ದಿದೆ ಎಂಬಂಥ ಮುಖಭಾವ. ಆಮೇಲೆ ಹಲ್ಲಿನ ಡಾಕ್ಟರಮ್ಮ. 2014ರಿಂದ 2016ರವರೆಗೆ ಮೈಸೂರಿನ ಪಕ್ಷಿಪ್ರಿಯರು ಊರನ್ನೇ ಚೌಕ ಚೌಕ ಮಾಡಿ ಹಂಚಿಕೊಂಡು ನಗರದ ಹಕ್ಕಿ ನಕಾಶೆ ತಯಾರಿಸಿದರಲ್ಲ, ಅದರಲ್ಲಿ ಬಿಸಿಲೆನ್ನದೆ ನಡೆದವರು. ಮೂರನೆಯವನು ಲೆನ್ಸ್ ಹುಡುಗ. ಅವನ ಲೆನ್ಸಿನ ಬೆಲೆ ನನ್ನ ಗ್ರಾಚ್ಯುಟಿಗಿಂತ ಜಾಸ್ತಿ. ಉಳಿದವರು ಬಂದು ಹೋಗುವವರು.

‘ವರುಣಾ ಕೆರೇಲಿ ಸೂಜಿಬಾಲದ ಬಾತು ಇನ್ನೂ ಇವೆ,’ ಎಂದು ಒಬ್ಬರು. ‘ಲಿಂಗಾಂಬುಧೀಲಿ ಚಲುಕದ ಬಾತು ಕಾಣಿಸಲಿಲ್ಲ,’ ಎಂದು ಇನ್ನೊಬ್ಬರು. ಮೇಷ್ಟ್ರು ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತಾರೆ. ನನ್ನ ಸರದಿ ಬಂದಾಗ ‘ಎರಡು ಕಾಗೆ ಜಗಳ ಆಡ್ತಿದ್ವು’ ಎನ್ನುತ್ತೇನೆ. ಬರೆದುಕೊಳ್ಳುವುದಿಲ್ಲ.

ಮಳೆಗಾಲ ಕಳೆದು ಹಕ್ಕಿಗಳು ಬರುವಾಗಲೂ ನನ್ನ ಪಾಡು ಇದೇ. ಬೇಲಿಯೊಳಗಿಂದ ‘ಚಕ್ ಚಕ್’ ಎನ್ನುವ ಜೊಂಡು ಉಲಿಯಕ್ಕಿಯ ಸದ್ದು ಕೇಳಿ ಏದುಸಿರು ಬಿಡುತ್ತ ಟೀ ಅಂಗಡಿಗೆ ಬಂದರೆ, ಡಾಕ್ಟರಮ್ಮ ಹಿಂದಿನ ದಿನವೇ ಕೇಳಿ, ನೋಡಿ, ಬರೆಸಿಯೂ ಆಗಿರುತ್ತದೆ. ಆದ್ದರಿಂದಲೇ ಮೊದಲಿನವರ ಸಾಲು ಬಿಟ್ಟು ಕೊನೆಯವರ ಸಾಲಿಗೆ ಬಂದೆ. ಅಲ್ಲಿ ಯಾರೂ ಇರಲಿಲ್ಲ.

ಫೆಬ್ರವರಿಯಲ್ಲಿ ಗುಲಾಬಿ ಕಬ್ಬಕ್ಕಿಗಳಿಂದ ಕೈಹಚ್ಚಿದೆ. ಪೂರ್ವ ಯುರೋಪಿನಿಂದ ಮಧ್ಯ ಏಷ್ಯಾದವರೆಗಿನ ಬಯಲುಗಳಲ್ಲಿ ಮಿಡತೆ ತಿಂದು ಮರಿ ಮಾಡುವ ಇವು ನಮ್ಮಲ್ಲಿ ಬೂರುಗ, ಮುತ್ತುಗ ಹೂಬಿಟ್ಟಾಗ ಮಕರಂದಕ್ಕೆ ಮುಗಿಬೀಳುತ್ತವೆ. ಸಂಜೆ ರಾತ್ರಿತಂಗಲಿಗೆ ಬರುವಾಗ ಆಕಾಶದ ತುಂಬ ಇವೇ. ಎಣಿಸುವುದಕ್ಕೊಂದು ಕ್ರಮವಿದೆ: ಹತ್ತನ್ನು ಎಣಿಸು, ಹತ್ತಕ್ಕೆ ಹಿಡಿಯುವ ಜಾಗವನ್ನು ಕಣ್ಣಲ್ಲೇ ಅಳೆ, ಇಡೀ ಗುಂಪಿನಲ್ಲಿ ಅಂಥ ಜಾಗ ಎಷ್ಟಿವೆ ನೋಡಿ ಗುಣಿಸು. ನಾನು ಒಪ್ಪಲಿಲ್ಲ. ಅಂದಾಜು ಲೆಕ್ಕವನ್ನು ಯಾವ ಆಡಿಟ್‌ನವನೂ ಪಾಸು ಮಾಡುವುದಿಲ್ಲ. ಬೂರುಗದ ಮರದ ಕೆಳಗೆ ಕತ್ತು ಹಿಂದಕ್ಕೆ ಬಾಗಿಸಿ, ಬಾಯಿ ತೆರೆದುಕೊಂಡು, ಒಂದೊಂದಾಗಿ ಎಣಿಸುತ್ತ ನಿಂತೆ. ಬಾಯಿ ತೆರೆದುಕೊಂಡದ್ದು ತಪ್ಪು ಎಂದು ಬೇಗ ತಿಳಿಯಿತು. ಉಗಿದು, ಒರೆಸಿಕೊಂಡು, ಮತ್ತೆ ಒಂದರಿಂದ ಶುರುಮಾಡಿದೆ. ಮುನ್ನೂರು ಚಿಲ್ಲರೆ ಆದಾಗ ಎಲ್ಲಿಂದಲೋ ಒಂದು ಬಿಜ್ಜು ನುಗ್ಗಿ, ಎಣಿಸಿದವೂ ಎಣಿಸದವೂ ಕಲೆತುಹೋದವು. ಮೂರನೆಯ ಸಲಕ್ಕೆ ಕತ್ತಲಾಗುವುದರೊಳಗೆ ಲೆಕ್ಕ ಮುಗಿಸಿದೆ.

‘ಒಂಬೈನೂರ ಹದಿನೇಳು,’ ಎಂದೆ ಮರುದಿನ.

‘ನಾನು ಸುಮಾರು ಸಾವಿರದ ಇನ್ನೂರು ಅಂದ್ಕೊಂಡೆ,’ ಎಂದರು ಡಾಕ್ಟರಮ್ಮ.

‘ಸುಮಾರು ಅನ್ನೋ ಮಾತೇ ಇಲ್ಲ ಡಾಕ್ಟ್ರೇ. ಒಂಬೈನೂರ ಹದಿನೇಳು.’

ಲೆನ್ಸ್ ಹುಡುಗ ಅದೇ ಸಂಜೆ ತೆಗೆದ ಫೋಟೋವನ್ನು ಮೊಬೈಲಿನಲ್ಲಿ ಹಿಗ್ಗಿಸಿ ನನ್ನ ಮೂಗಿನ ಹತ್ತಿರ ಹಿಡಿದ. ‘ಸಾರ್, ಈ ಎಡಗಡೆ ಕೊಂಬೇನೂ ಸೇರಿಸಿದ್ರಾ?’

‘ಮೊದಲು ಎಣಿಸಿದ್ದೇ ಅದನ್ನ. ಅಲುಗಾಡದೆ ಕೂತಿದ್ವು, ಪಾಪ.’

‘ಅವು ಮೊಗ್ಗು ಸಾರ್.’

ಮೇಷ್ಟ್ರು ರಿಜಿಸ್ಟರಿನಿಂದ ತಲೆ ಎತ್ತಿ, ‘ಕಣ್ಣು ಯಾವಾಗ ತೋರಿಸಿದ್ರಿ?’ ಎಂದು ಕೇಳಿದರು. ಹಕ್ಕಿಯ ವಿಷಯ ಬಿಟ್ಟು ಅವರು ನನ್ನ ಬಗ್ಗೆ ಕೇಳಿದ ಮೊದಲ ಪ್ರಶ್ನೆ ಅದು.

ಕಣ್ಣಿಗಿಂತ ಹೆಬ್ಬಾತು ಅವಸರದ್ದಾಗಿತ್ತು. ನಂಜನಗೂಡಿನ ಹತ್ತಿರದ ಹದಿನಾರು ಕೆರೆಗೆ ಪ್ರತಿ ಚಳಿಗಾಲ ಪಟ್ಟೆತಲೆ ಹೆಬ್ಬಾತುಗಳು ಬರುತ್ತವೆ. ಇವುಗಳ ತವರು ಮಂಗೋಲಿಯ, ಟಿಬೆಟ್, ಲಡಾಖಿನ ಎತ್ತರದ ಸರೋವರಗಳು. ಹಿಮಾಲಯ ದಾಟುವಾಗ 7,000 ಮೀಟರಿಗೂ ಮೇಲೆ ಹಾರಿದ್ದು ದಾಖಲಾಗಿದೆ. ಅಷ್ಟು ಎತ್ತರದಲ್ಲಿ ಸಿಗುವ ಚೂರುಪಾರು ಆಮ್ಲಜನಕವನ್ನೂ ಅವುಗಳ ರಕ್ತ ಬಾಚಿ ಹಿಡಿದುಕೊಳ್ಳುತ್ತದೆ. ಮಂಗೋಲಿಯದಲ್ಲಿ ಕತ್ತಿಗೆ ಪಟ್ಟಿ ಹಾಕಿ ಬಿಟ್ಟ ಹೆಬ್ಬಾತುಗಳು ಕರ್ನಾಟಕದ ಕೆರೆಗಳಲ್ಲಿ ಕಂಡದ್ದೂ ಉಂಟು. ಅಂಥ ಹಕ್ಕಿಯ ಕೊನೆಯ ದಿನಾಂಕ ನನ್ನ ಹೆಸರಿನಲ್ಲಿ ರಿಜಿಸ್ಟರಿಗೆ ಬಿದ್ದರೆ ಮೊಗ್ಗಿನ ಮಾತು ತಾನಾಗಿ ಮರೆತುಹೋಗುತ್ತದೆ. ಮಾರ್ಚಿನಲ್ಲಿ ಒಂದು ನಸುಕಿಗೆ ಎದ್ದು, ಇವಳು ಕಟ್ಟಿಕೊಟ್ಟ ಅವಲಕ್ಕಿ ಡಬ್ಬಿ ಹಿಡಿದು, ಬಿಳಿ ಅಂಗಿ ತೊಟ್ಟು, ಕಂಕುಳಲ್ಲಿ ದಪ್ಪ ಡೈರಿ ಸಿಕ್ಕಿಸಿಕೊಂಡು ಸ್ಕೂಟರ್ ಏರಿದೆ. ಆ ಬಿಳಿ ಅಂಗಿ ಮತ್ತು ಡೈರಿ ಏನು ಮಾಡಬಲ್ಲವೆಂದು ಆಗ ಹೊಳೆಯಲಿಲ್ಲ.

ಕೆರೆ ಖಾಲಿ. ಅಂದರೆ ನೀರಿತ್ತು, ನೀರುಕಾಗೆಗಳಿದ್ದವು, ಹೆಬ್ಬಾತು ಇರಲಿಲ್ಲ. ಏರಿಯ ಮೇಲೆ ಒಬ್ಬ ಹಿರಿಯರು ಎಮ್ಮೆ ಹೊಡೆದುಕೊಂಡು ಬರುತ್ತಿದ್ದರು.

‘ಯಜಮಾನ್ರೇ, ಹೆಬ್ಬಾತು ಎಲ್ಲಿ?’

‘ಓದ್ವಲ್ಲ ಸ್ವಾಮಿ. ಸಿವರಾತ್ರಿ ದಿನ ಸಿವಸಿವ ಅಂತ ಚಳಿ ಓಯ್ತು, ಅದರ ಹಿಂದೇನೆ ಇವೂ ಓದ್ವು.’

‘ಯಾವ ದಿನ ಅಂತ ಸರಿಯಾಗಿ ಹೇಳ್ತೀರಾ?’

‘ಸಿವರಾತ್ರಿ ಆದ ಸೋಮವಾರ ರಾತ್ರಿ.’

‘ಅಷ್ಟು ಖಚಿತವಾಗಿ ಹೇಗೆ ಗೊತ್ತು?’

‘ಅವತ್ತು ನನಗೆ ನಿದ್ದೆ ಬಂತು,’ ಎಂದರು. ಹೆಬ್ಬಾತುಗಳು ಹಗಲು ಕೆರೆಯಲ್ಲಿ ತೂಕಡಿಸಿ, ಕತ್ತಲಾದ ಮೇಲೆ ಹೊಲಗದ್ದೆಗಿಳಿದು ಮೇಯುತ್ತವೆ. ಚಳಿಗಾಲವಿಡೀ ತಗಡಿನ ಡಬ್ಬ ಬಡಿಯುತ್ತ ಬೆಳೆ ಕಾದವರಿಗೆ ಅವು ಹೋದ ರಾತ್ರಿ ಯಾವುದೆಂದು ಬೇರೆ ಯಾರೂ ಹೇಳಿಕೊಡಬೇಕಿಲ್ಲ.

ಇದಕ್ಕಿಂತ ಪಕ್ಕಾ ದಾಖಲೆ ಇನ್ನೆಲ್ಲಿ ಸಿಕ್ಕೀತು? ಡೈರಿ ತೆರೆದು, ಪೆನ್ನಿನ ಮುಚ್ಚಳ ತೆಗೆದು, ‘ನಿಮ್ಮ ಹೆಸರು ಹೇಳಿ, ಬರ್ಕೋತೀನಿ’ ಎಂದೆ.

ಅವರು ಎಮ್ಮೆಯ ಹಗ್ಗ ಬಿಟ್ಟರು. ನನ್ನ ಬಿಳಿ ಅಂಗಿ ನೋಡಿದರು. ಡೈರಿ ನೋಡಿದರು. ‘ಬೆಳೆ ಪರಿಹಾರ ಬತ್ತದಾ ಸ್ವಾಮಿ?’

‘ಅಯ್ಯೋ, ಅದಲ್ಲ, ನಾನು ಹಕ್ಕಿ...’

‘ಊ ಹಕ್ಕೀದೇಯ. ಹಕ್ಕಿ ತಿಂದ ಬೆಳೇದೇಯ.’ ಎಂದವರೇ ಊರ ಕಡೆ ತಿರುಗಿ ಕೂಗು ಹಾಕಿದರು. ನಾನು ಅವಲಕ್ಕಿ ಡಬ್ಬಿ ಬಿಚ್ಚುವುದರೊಳಗೆ ಏರಿಯ ಮೇಲೆ ಜನ. ಒಬ್ಬರ ಕೈಯಲ್ಲಿ ಪಹಣಿ, ಇನ್ನೊಬ್ಬರ ಕೈಯಲ್ಲಿ ಆಧಾರ್ ಜೆರಾಕ್ಸು. ನನ್ನ ಮುಖದಲ್ಲೇ ಸರ್ಕಾರವಿದೆ ಎಂದು ಇವಳು ಹಿಂದೆಯೂ ಹೇಳಿದ್ದುಂಟು, ಹೊಗಳಿಕೆ ಎಂದುಕೊಂಡಿದ್ದೆ. ನಾನು ಯಾರೂ ಅಲ್ಲ, ರಿಟೈರಾದವನು ಎಂದರೆ ‘ಹಂಗೇ ಯೋಳೋದು ಸಾಹೇಬ್ರು’ ಎಂದು ಒಬ್ಬ ಉಳಿದವರಿಗೆ ತಿಳಿಯಹೇಳಿದ. ಕೊನೆಗೆ ಹಳೆಯ ಅಭ್ಯಾಸ ಕೈಯನ್ನು ತಾನೇ ನಡೆಸಿತು: ಕ್ರಮಸಂಖ್ಯೆ ಹಾಕಿ, ಸರ್ವೆ ನಂಬರ್ ಬರೆದು, ಷರಾ ಕಾಲಂ ಎಳೆದು, ಎಲ್ಲರದ್ದೂ ಬರೆದುಕೊಂಡೆ. ಎಳನೀರು ಕುಡಿಸಿ ಕಳಿಸಿದರು. ಪಟ್ಟಿಯನ್ನು ನ್ಯಾಯವಾಗಿ ಒಂದು ಅರ್ಜಿ ಮಾಡಿ ಸಂಬಂಧಪಟ್ಟವರಿಗೆ ಅಂಚೆಯಲ್ಲಿ ಹಾಕಿದ್ದೇನೆ. ಟೀ ಅಂಗಡಿಯಲ್ಲಿ ಮಾತ್ರ ‘ಹೆಬ್ಬಾತು ಎಷ್ಟು?’ ಎಂಬ ಪ್ರಶ್ನೆಗೆ ಡೈರಿ ತೆರೆದು ತೋರಿಸಲಾಗಲಿಲ್ಲ.

ಇನ್ನುಳಿದದ್ದು ನಮ್ಮ ಮನೆ ಹಿಂದಿನ ಮೋರಿ. ಅಲ್ಲಿ ಒಂದು ಬೂದು ಕುಂಡೆಕುಸ್ಕ ವಾಸವಿತ್ತು. ಬೆನ್ನು ಬೂದು, ಹೊಟ್ಟೆ ಹಳದಿ, ಉದ್ದನೆಯ ಬಾಲ ಒಂದು ಕ್ಷಣವೂ ಸುಮ್ಮನಿರದೆ ಮೇಲೆ ಕೆಳಗೆ ಆಡುತ್ತಲೇ ಇರುತ್ತದೆ. ಚಳಿಗಾಲದ ಬಿಡಾರದಲ್ಲೂ ತನ್ನ ಹದ್ದುಬಸ್ತು ಬಿಟ್ಟುಕೊಡುವ ಹಕ್ಕಿಯಲ್ಲ ಅದು. ತನ್ನ ಜಾತಿಯ ಇನ್ನೊಂದು ಬಂದರೆ ಓಡಿಸುತ್ತದೆ.

‘ಹಿಮಾಲಯದ ತಿಳಿನೀರ ಝರಿ ಪಕ್ಕ ಗೂಡು ಕಟ್ಟೋ ಹಕ್ಕಿ ಕಣೇ. ಈ ಗಲೀಜಿನಲ್ಲಿ ಅರ್ಧ ವರ್ಷ ಹೇಗಿರುತ್ತೋ,’ ಎಂದೆ ಒಮ್ಮೆ.

‘ತೀರ್ಥಹಳ್ಳೀಲಿ ತುಂಗೆ ದಡದಲ್ಲಿ ಹುಟ್ಟಿದವಳು ನಾನಿಲ್ವಾ?’ ಎಂದಳು.

ಅದರ ಕೊನೆಯ ದಿನ ಹಿಡಿಯಲು ನಾನು ಸಜ್ಜಾಗುತ್ತಿದ್ದಾಗಲೇ ಕಣ್ಣಿನ ಡಾಕ್ಟರು ಬಲಗಣ್ಣಿನ ಪೊರೆ ಬಲಿತಿದೆ, ತಡ ಮಾಡಬೇಡಿ ಎಂದರು. ಆಪರೇಷನ್ ಆಯಿತು. ಬಗ್ಗಬಾರದು, ತಲೆಗೆ ನೀರು ಹಾಕಿಕೊಳ್ಳಬಾರದು, ಧೂಳಿಗೆ ಹೋಗಬಾರದು, ಹೊತ್ತು ಹೊತ್ತಿಗೆ ಡ್ರಾಪ್ಸು. ಮೋರಿಯ ಉಸ್ತುವಾರಿಯನ್ನು ಇವಳಿಗೆ ವಹಿಸಲು ನೋಡಿದೆ. ‘ಆ ವಾಸನೇಲಿ ನಿಂತ್ಕೊಂಡು ನಾನು ಅದರ ಹಿಂಭಾಗ ನೋಡ್ಲಾ?’ ಎಂದು ಡ್ರಾಪ್ಸಿನ ಬಾಟಲಿ ಹಿಡಿದು ನಿಂತಳು. ಸುಮ್ಮನೆ ಕಣ್ಣು ತೆರೆದೆ.

ಯುಗಾದಿಯ ಸುಮಾರಿಗೆ ಕಪ್ಪು ಕನ್ನಡಕ ಹಾಕಿಕೊಂಡು ಮೋರಿಯ ಹತ್ತಿರ ಹೋಗುವಷ್ಟಾದೆ. ಹಕ್ಕಿ ಇಲ್ಲ. ಮರುದಿನವೂ ಇಲ್ಲ. ಅದರ ಮರುದಿನವೂ ಇಲ್ಲದಿದ್ದಾಗ ಆದ ಸಂತೋಷ ಅಷ್ಟಿಷ್ಟಲ್ಲ. ಆಪರೇಷನ್ನಿನ ಹಿಂದಿನ ಸಂಜೆ ಅದನ್ನು ಕಂಡದ್ದು ಡೈರಿಯಲ್ಲಿತ್ತು. ಅದೇ ಕೊನೆಯ ದಿನಾಂಕ ಎಂದು ಟೀ ಅಂಗಡಿಯಲ್ಲಿ ಘೋಷಿಸಿ, ಎಲ್ಲರಿಗೂ ನನ್ನ ಲೆಕ್ಕದಲ್ಲಿ ಮದ್ದೂರು ವಡೆ ತರಿಸಿದೆ. ಅಷ್ಟಕ್ಕೇ ಸುಮ್ಮನಿರಬೇಕಿತ್ತು. ಕಚೇರಿಯ ಬೀಳ್ಕೊಡುಗೆ ಸಮಾರಂಭಗಳಲ್ಲಿ ಭಾಷಣ ಮಾಡಿ ಮಾಡಿ ಪಳಗಿದ ನಾಲಗೆ ಕೇಳಬೇಕಲ್ಲ. ಸದರಿ ಕುಂಡೆಕುಸ್ಕವು ನಮ್ಮ ಬಡಾವಣೆಯಲ್ಲಿ ದಕ್ಷತೆಯಿಂದ, ಪ್ರಾಮಾಣಿಕತೆಯಿಂದ, ಒಂದು ದಿನವೂ ರಜೆ ಹಾಕದೆ ಸೊಳ್ಳೆ ನೊಣಗಳ ನಿಯಂತ್ರಣ ಕಾರ್ಯ ನಿರ್ವಹಿಸಿದ್ದು, ಅದರ ಮುಂದಿನ ಜೀವನ ಸುಖಕರವಾಗಿರಲೆಂದು ಹಾರೈಸಿದೆ. ಮೇಷ್ಟ್ರು ವಡೆ ಮುರಿಯುತ್ತ, ‘ಇನ್ನೂ ಏಪ್ರಿಲ್ ಇದೆಯಲ್ಲ,’ ಎಂದರು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಮಾರನೆಯ ಬೆಳಗ್ಗೆ ಮೋರಿಯ ಕಲ್ಲಿನ ಮೇಲೆ ಬಾಲ ಆಡಿಸುತ್ತ ಕೂತಿತ್ತು.

ಮೊದಲು ಎದೆ ಧಸಕ್ಕೆಂದಿತು. ಆಮೇಲೆ ನೋಡಿದರೆ ಗಂಟಲು ಕಪ್ಪು! ನಮ್ಮ ಹಕ್ಕಿಗೆ ಬಿಳಿ ಗಂಟಲು. ಇದು ಬೇರೆ, ಬಹುಶಃ ಮೈಸೂರಿನಲ್ಲಿ ಇದುವರೆಗೆ ಯಾರೂ ಕಾಣದ ಜಾತಿ. ಕೊನೆಯ ದಾಖಲೆಯೂ ಉಳಿಯಿತು, ಮೊದಲ ದಾಖಲೆಯೂ ದಕ್ಕಿತು. ಡಾಕ್ಟರು ಹೇಳಿದ್ದನ್ನೆಲ್ಲ ಮರೆತು ಟೀ ಅಂಗಡಿಗೆ ಓಡಿದೆ. ಲೆನ್ಸ್ ಹುಡುಗ ಬಂದು ಫೋಟೋ ತೆಗೆದ. ಮೇಷ್ಟ್ರು ಒಂದೇ ಒಂದು ಸಲ ನೋಡಿದರು.

‘ಅದೇ ಹಕ್ಕಿ ಸ್ವಾಮಿ. ಗಂಡು. ಊರಿಗೆ ಹೊರಡೋಕೆ ಮುಂಚೆ ಗಂಟಲಿಗೆ ಕಪ್ಪು ಗರಿ ಬರುತ್ತೆ. ನಿಮ್ಮ ಗುಲಾಬಿ ಕಬ್ಬಕ್ಕಿ ಆ ಖರ್ಚೂ ಮಾಡಲ್ಲ; ಗರಿಯ ಕಂದು ಅಂಚು ಸವೆದು ಸವೆದು ಒಳಗಿನ ಗುಲಾಬಿ ಕಾಣುತ್ತೆ, ಅಷ್ಟೆ. ಇದು ಇನ್ನೂ ತಿಂದು ಮೈಗೆ ಕೊಬ್ಬು ಏರಿಸ್ಕೊಳ್ತಾ ಇದೆ. ದಾರಿಗೆ ಅದೇ ಪೆಟ್ರೋಲು.’

‘ನೆನ್ನೆ ಬೀಳ್ಕೊಟ್ಟಾಯ್ತಲ್ಲ ಮೇಷ್ಟ್ರೇ?’

‘ಸೇವಾ ವಿಸ್ತರಣೆ ಸಿಕ್ಕಿದೆ ಅಂತ ಬರೀತೀನಿ,’ ಎಂದು ರಿಜಿಸ್ಟರಿನಲ್ಲಿ ಹಾಗೆಯೇ ಬರೆದರು.

ನನಗೆ ಇನ್ನೊಂದು ಅನುಮಾನ ಹೊಕ್ಕಿತು. ಬದಲಾದದ್ದು ಹಕ್ಕಿಯ ಗಂಟಲೋ ನನ್ನ ಕಣ್ಣೋ? ಬಲಗಣ್ಣು ಮುಚ್ಚಿ ಪೊರೆಯ ಎಡ ಕಣ್ಣಿನಿಂದ ನೋಡಿದೆ. ಗಂಟಲು ಒಂಥರಾ ಕೊಳೆ ಬಣ್ಣ. ಎಡ ಮುಚ್ಚಿ ಬಲಗಣ್ಣಿನಿಂದ ನೋಡಿದೆ. ಅಪ್ಪಟ ಕಪ್ಪು, ಹೊಟ್ಟೆ ಕಣ್ಣು ಕುಕ್ಕುವ ಹಳದಿ. ಇದನ್ನು ನನ್ನಷ್ಟಕ್ಕೆ ಇಟ್ಟುಕೊಳ್ಳದೆ ಗುಂಪಿಗೆ ಹೇಳಿದ್ದರಿಂದ ಹಳೆಯ ಕಡತಗಳೆಲ್ಲ ಮರುಪರಿಶೀಲನೆಗೆ ಬಂದವು. ಜನವರಿಯಲ್ಲಿ ನಾನು ಗೋವಕ್ಕಿಗಳಿಗೆ ಮೈಮೇಲೆ ಕಿತ್ತಳೆ ಛಾಯೆ ಬಂದಿದೆ ಎಂದು ಬರೆಸಿದ್ದೆ. ಅವುಗಳಿಗೆ ಆ ಬಣ್ಣ ಬರುವುದು ಮರಿ ಮಾಡುವ ಕಾಲಕ್ಕೆ. ಜನವರಿಗೇ ಬಂತೆಂದರೆ ಹವಾಮಾನ ವೈಪರೀತ್ಯದ ಲಕ್ಷಣವಿರಬಹುದೆಂದು ಡಾಕ್ಟರಮ್ಮ ಆಗ ಗಂಭೀರವಾಗಿ ತಲೆದೂಗಿದ್ದರು. ಈಗ ಅವರೇ ಮೃದುವಾಗಿ ಕೇಳಿದರು: ‘ಆಗ ನಿಮಗೆ ಮನೇಲಿ ಹಾಲು ಯಾವ ಬಣ್ಣ ಕಾಣ್ತಿತ್ತು?’

ಹಸುವಿನ ಹಾಲು ಎಂದುಕೊಂಡಿದ್ದೆ ಎಂದೆ. ಗೋವಕ್ಕಿಯ ದಾಖಲೆಗೆ ಅಲ್ಲೇ ಕೆಂಪು ಗೀಟು ಬಿತ್ತು.

ಇನ್ನು ಬಿಡುವ ಮಾತಿಲ್ಲ ಎಂದು ನಿರ್ಧರಿಸಿದೆ. ಏಪ್ರಿಲ್ ಪೂರ್ತಿ ಮೋರಿಯ ಬಳಿ ನಿಲ್ಲುವುದು, ಹೊಸ ಕಣ್ಣಿನಿಂದ ನೋಡುವುದು, ಹೊತ್ತು ಸಮೇತ ಬರೆಯುವುದು. ಆದರೆ ಕಪ್ಪು ಕನ್ನಡಕ ಹಾಕಿ, ಕೈಯಲ್ಲಿ ಡೈರಿ ಹಿಡಿದು, ದಿನಾ ಬೆಳಗ್ಗೆ ಮೋರಿಯನ್ನೇ ದಿಟ್ಟಿಸುವ ಮನುಷ್ಯನನ್ನು ಬಡಾವಣೆ ಎಷ್ಟು ದಿನ ಸಹಿಸೀತು?

‘ಏನ್ ಬಿತ್ತು ಸಾರ್?’ ಎಂದರು ಹಾಲಿನವರು.

‘ಏನಿಲ್ಲ, ಒಂದು ಹಕ್ಕಿ.’

‘ಹಕ್ಕಿ ಬಿತ್ತಾ? ಪಾಪ,’ ಎಂದು ಅವರೂ ಬಗ್ಗಿ ನೋಡಿದರು. ಬಗ್ಗಿದವರನ್ನು ನೋಡಿ ಇನ್ನಿಬ್ಬರು. ಮೂಲೆಮನೆಯ ಅಜ್ಜಿಗೆ ಬಿದ್ದದ್ದು ನನ್ನ ಮದುವೆಯ ಉಂಗುರ ಎಂಬ ಖಚಿತ ಮಾಹಿತಿ ಇತ್ತು. ಆ ಹೊತ್ತು ಬೆರಳು ಬರಿದಾಗಿದ್ದಕ್ಕೆ ಆಪರೇಷನ್ನಿನ ದಿನ ಬಿಚ್ಚಿಟ್ಟದ್ದು ಕಾರಣ ಎಂದರೆ ಯಾರು ಕೇಳುತ್ತಾರೆ? ಒಬ್ಬ ಹುಡುಗ ದಾರಕ್ಕೆ ಅಯಸ್ಕಾಂತ ಕಟ್ಟಿಕೊಂಡು ಬಂದು ಇಳಿಬಿಟ್ಟ. ಚಿನ್ನ ಅದಕ್ಕೆ ಅಂಟುವುದಿಲ್ಲ ಮಗು ಎಂದು ನಾನು ವಿಜ್ಞಾನ ಹೇಳಿದ್ದೇ ತಡ, ಬಿದ್ದದ್ದು ಚಿನ್ನವೇ ಎಂದು ಎಲ್ಲರಿಗೂ ಖಾತ್ರಿಯಾಯಿತು. ಎದುರುಮನೆಯ ರಾಯರು ಮಾತ್ರ ಬೇರೆ ಅರ್ಥ ಮಾಡಿಕೊಂಡಿದ್ದರು. ನಾನು ಡೈರಿಯಲ್ಲಿ ಗಂಟೆ, ನಿಮಿಷ ಬರೆಯುವುದನ್ನು ಕಿಟಕಿಯಿಂದ ಗಮನಿಸಿ, ಹೂಳು ತುಂಬಿದ ಮೋರಿಯ ವಿರುದ್ಧ ಒಬ್ಬಂಟಿಯಾಗಿ ದಾಖಲೆ ಕಲೆಹಾಕುತ್ತಿದ್ದೇನೆಂದು ತಿಳಿದು, ನಾಚಿಕೆಪಟ್ಟು, ಮನೆಮನೆಯ ಸಹಿ ಹಾಕಿಸಿ ಕಾರ್ಪೊರೇಷನ್ನಿಗೆ ಮನವಿ ಕೊಟ್ಟೇಬಿಟ್ಟಿದ್ದರು.

ಒಂದು ಬೆಳಗ್ಗೆ ಕುಂಡೆಕುಸ್ಕ ಕಲ್ಲಿನ ಮೇಲಿತ್ತು. ದುಂಡಗಾಗಿತ್ತು. ಇವತ್ತೋ ನಾಳೆಯೋ ಎಂದುಕೊಂಡು ಪೆನ್ನು ತೆಗೆಯುತ್ತಿದ್ದಂತೆ ತಿರುವಿನಲ್ಲಿ ಜೆಸಿಬಿ ಕಾಣಿಸಿತು. ಹಿಂದೆ ಟ್ರ್ಯಾಕ್ಟರು, ಅದರ ಹಿಂದೆ ಗುದ್ದಲಿ ಹಿಡಿದ ಪೌರಕಾರ್ಮಿಕರು, ಎಲ್ಲರ ಮುಂದೆ ರಾಯರು. ‘ಬೇಡ, ಬೇಡ’ ಎಂದು ನಾನು ಕೈಯಾಡಿಸಿದ್ದನ್ನು ಜೆಸಿಬಿಯವನು ‘ಬಾ, ಬಾ’ ಎಂದು ಓದಿಕೊಂಡ. ಬಕೆಟ್ಟು ಕೆಳಗಿಳಿಯಿತು. ಹಕ್ಕಿ ‘ಚಿಟ್‌ಚಿಟ್’ ಎನ್ನುತ್ತ ಎದ್ದು ಸೂರಿನ ಎತ್ತರಕ್ಕೆ ಹಾರಿತು. ಯಾವ ದಿಕ್ಕಿಗೆ ಹೋಯಿತೆಂದು ನೋಡುವಷ್ಟರಲ್ಲಿ ಯಾರೋ ಕೊರಳಿಗೆ ಸೇವಂತಿಗೆ ಹಾರ ಹಾಕಿದರು. ಅದು ಕಪ್ಪು ಕನ್ನಡಕಕ್ಕೆ ಸಿಕ್ಕಿಕೊಂಡು, ಬಿಡಿಸಿಕೊಳ್ಳುವ ಹೊತ್ತಿಗೆ ಬರೀ ಆಕಾಶವಿತ್ತು. ಚಪ್ಪಾಳೆಯ ನಡುವೆ ಎರಡು ಮಾತಾಡಿ ಎಂದು ಒತ್ತಾಯ ಬೇರೆ.

ಆಮೇಲೆ ಹಕ್ಕಿ ಬರಲಿಲ್ಲ. ತೊಳೆದಿಟ್ಟಂತಿರುವ ಮೋರಿಯಲ್ಲಿ ಅದಕ್ಕೆ ಹುಳುವೂ ಇರಲಿಲ್ಲ. ಟೀ ಅಂಗಡಿಯಲ್ಲಿ ಇದರ ಮೇಲೆ ದೊಡ್ಡ ಚರ್ಚೆ ನಡೆಯಿತು. ದಿನಾಂಕ ಏನೋ ಸಿಕ್ಕಿತು, ಅದನ್ನು ವಲಸೆ ಎನ್ನಬಹುದೇ? ತಾನಾಗಿ ಹೋದದ್ದೋ, ಎಬ್ಬಿಸಿದ್ದಕ್ಕೆ ಹೋದದ್ದೋ? ವರ್ಗಾವಣೆ ಬೇರೆ, ಎತ್ತಂಗಡಿ ಬೇರೆ. ಇಲಾಖೆಯಲ್ಲಿದ್ದವನಿಗೆ ಆ ವ್ಯತ್ಯಾಸ ಗೊತ್ತು ಎಂದು ನಾನೇ ವಾದಿಸಿದೆ. ಅವಧಿ ಹೇಗೂ ಮುಗಿದಿತ್ತು, ಆದೇಶ ಎರಡು ದಿನ ಮುಂಚೆ ಬಂತು ಅಷ್ಟೆ ಎಂದರು ಡಾಕ್ಟರಮ್ಮ. ಕೊನೆಗೆ ಮೇಷ್ಟ್ರು ದಿನಾಂಕ ಬರೆದು, ನನ್ನ ಹೆಸರನ್ನೂ ಬರೆದು, ಷರಾ ಕಾಲಂನಲ್ಲಿ ‘ಜೆಸಿಬಿ’ ಎಂದು ನಮೂದಿಸಿದರು. ಇಷ್ಟು ವರ್ಷದಲ್ಲಿ ಆ ರಿಜಿಸ್ಟರಿನಲ್ಲಿ ನನ್ನ ಹೆಸರಿನ ಮುಂದೆ ಕೆಂಪು ಗೀಟಿಲ್ಲದ ಸಾಲು ಅದೊಂದೇ.

ಹಿಗ್ಗಿನಿಂದ ಮನೆಗೆ ಬಂದರೆ ಗೇಟಿನ ಹತ್ತಿರ ಹಿಂದಿನ ಬೀದಿಯ ನಾಲ್ಕೈದು ಜನ ಕಾದು ನಿಂತಿದ್ದರು. ನನ್ನನ್ನು ಕಂಡು ಕೈಮುಗಿದರು.

‘ಸಾರ್, ನಮ್ಮ ಬೀದಿ ದೀಪ ದೀಪಾವಳಿಯಿಂದ ಉರೀತಿಲ್ಲ,’ ಎಂದರು ಅವರಲ್ಲಿ ಹಿರಿಯರು. ‘ನೀವೇನೂ ಮಾತಾಡೋದು ಬೇಡ. ದಿನಾ ಬೆಳಗ್ಗೆ ಬಂದು ಕಂಬದ ಕೆಳಗೆ ಸ್ವಲ್ಪ ಹೊತ್ತು ನಿಂತ್ಕೊಂಡು ಮೇಲೆ ನೋಡಿದ್ರೆ ಸಾಕು. ಕಾಫಿ ನಮ್ಮನೇಲಿ.’